ಮೈಸೂರು ಪಾಕಾ, ಎಳ್ಳು-ಬೆಲ್ಲವಾ, ಬಟ್ಟೆ ಚೀಲವಾ?

ಸಂಕ್ರಾಂತಿಗೆ ನೆಂಟರಿಗೆ ಕೈಯಾರೆ ಮಾಡಿದ್ದೇನಾದರೂ ಕೊಡಬೇಕು ಅಂದರೆ ನಮ್ಮ ಮೈಸೂರಲ್ಲಿ ಮೊದಲು ನೆನಪಾಗುವುದು ಮೈಸೂರು ಪಾಕ್. ಸಾಮಾನು ಮೂರೇ, ಕಡಲೆಹಿಟ್ಟು, ಸಕ್ಕರೆ, ತುಪ್ಪ. ಆದರೆ ಮೊದಲ ಸಲ ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಪಾಕ ಒಂದೆಳೆ ಬಂದ ತಕ್ಷಣ ಹಿಟ್ಟು ಹಾಕಿ, ಬಿಸಿ ತುಪ್ಪ ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಕೈ ಬಿಡದೆ ತಿರುವಬೇಕು, ಹದ ಮೀರಿದರೆ ಕಲ್ಲು, ಕಮ್ಮಿಯಾದರೆ ತುಂಡೇ ಆಗುವುದಿಲ್ಲ. ತುಪ್ಪದ ಖರ್ಚೂ ಜಾಸ್ತಿ.

ಎಳ್ಳು-ಬೆಲ್ಲಕ್ಕೆ ಪಾಕದ ಭಯವೇ ಇಲ್ಲ. ಮಂಡ್ಯದ ಅಚ್ಚು ಬೆಲ್ಲ, ಕೊಬ್ಬರಿ ಸಣ್ಣಗೆ ಹೆಚ್ಚಿ ಬಿಸಿಲಿಗಿಡಿ. ಬಿಳಿ ಎಳ್ಳು, ಕಡಲೆಬೀಜ ಹುರಿದು, ಆರಿದ ಮೇಲೆ ಹುರಿಗಡಲೆ ಜೊತೆ ಎಲ್ಲಾ ಬೆರೆಸಿ. ಹೆಚ್ಚುವ ಕೆಲಸವೇ ದೊಡ್ಡದು, ಆದರೆ ಮನೆಯವರೆಲ್ಲ ಕೂತರೆ ಮಾತಾಡುತ್ತಲೇ ಮುಗಿಯುತ್ತದೆ, ಅದೇ ಚೆಂದ ಅಲ್ವಾ? ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಬೇಗ ಕೆಡುವುದಿಲ್ಲ, ದೂರದೂರಿಗೆ ಕಳಿಸಲು ಇದೇ ಸರಿ.

ಸಕ್ಕರೆ ಕಾಯಿಲೆ ಇರುವವರಿಗೆ ಎರಡೂ ಬೇಡ. ಹಳೇ ರೇಷ್ಮೆ ಸೀರೆಯ ಗಟ್ಟಿ ಭಾಗ ಕತ್ತರಿಸಿ, ದಾರ ಎಳೆದು ಮುಚ್ಚುವ ಪುಟ್ಟ ಚೀಲ ಹೊಲಿದು ಕೊಡಿ. ನೇರ ಹೊಲಿಗೆ ಬಂದರೆ ಸಾಕು. ನಾನಂತೂ ಈ ಸಲ ಉಳಿದವರಿಗೆಲ್ಲ ಎಳ್ಳು-ಬೆಲ್ಲದ ಪೊಟ್ಟಣವನ್ನೇ ಅಂಥ ಚೀಲದಲ್ಲಿಟ್ಟು ಕೊಡುತ್ತಿದ್ದೇನೆ.