ತಾಲಿಬಾನಿನ ಸಂಚಾರಿ ಕೋರ್ಟು: ಸೇವೆ ಹೇಗಿತ್ತು, ಬೆಲೆ ಎಷ್ಟು ಬಿತ್ತು

ಸೇವೆ: ಜಮೀನು, ನೀರು, ಸಾಲದ ತಕರಾರು ಬಗೆಹರಿಸುವುದು. ಸ್ಥಳ: ಅಫ್ಘಾನಿಸ್ತಾನದ ಹಳ್ಳಿಗಾಡು, ಹೆಚ್ಚಾಗಿ ದಕ್ಷಿಣ ಮತ್ತು ಪೂರ್ವ. ಅವಧಿ: ಸುಮಾರು 2006ರಿಂದ 2021ರ ಆಗಸ್ಟ್‌ವರೆಗೆ. ಪೈಪೋಟಿ: ಕಾಬೂಲ್ ಸರ್ಕಾರದ ನ್ಯಾಯಾಲಯದ ಜೊತೆ.

2001ರ ಡಿಸೆಂಬರ್‌ನಲ್ಲಿ ಕಂದಹಾರ್ ಕೈತಪ್ಪಿದಾಗ ತಾಲಿಬಾನ್ ಕಥೆ ಮುಗಿಯಿತೆಂದೇ ಬಹಳ ಜನ ಲೆಕ್ಕ ಹಾಕಿದ್ದರು. ಮತ್ತೆ ಹೇಗೆ ಬೇರುಬಿಟ್ಟರು ಎಂದು ಕೇಳಿದರೆ ಪಾಕಿಸ್ತಾನದ ಆಸರೆ, ಅಫೀಮಿನ ದುಡ್ಡು ಎಂಬ ಉತ್ತರ ಥಟ್ಟನೆ ಬರುತ್ತದೆ. ಎರಡೂ ನಿಜ. ಆದರೆ ಪಾಕಿಸ್ತಾನದ ಕ್ವೆಟ್ಟಾದಲ್ಲಿ ಕೂತ ನಾಯಕರಿಗೆ ಲೋಗರ್, ವರ್ದಕ್ ಪ್ರಾಂತ್ಯಗಳ ಮನೆಮನೆಯ ವ್ಯವಹಾರದೊಳಗೆ ಕೈಯಾಡಿಸಲು ದಾರಿ ಮಾಡಿಕೊಟ್ಟದ್ದು ಈ ಕೋರ್ಟು.

2002ರಿಂದ ಲಕ್ಷಾಂತರ ನಿರಾಶ್ರಿತರು ಪಾಕಿಸ್ತಾನ, ಇರಾನ್‌ಗಳಿಂದ ಊರಿಗೆ ಮರಳಿದರು. ಬಂದು ನೋಡಿದರೆ ಹೊಲದಲ್ಲಿ ಬೇರೆಯವನ ಗೋಧಿ. ರಾಜರ ಕಾಲದ ಕ್ರಯಪತ್ರ ಒಬ್ಬನ ಕೈಲಿ, ಕಮ್ಯುನಿಸ್ಟರು ಭೂಸುಧಾರಣೆಯಲ್ಲಿ ಕೊಟ್ಟ ಕಾಗದ ಇನ್ನೊಬ್ಬನ ಕೈಲಿ, ಮುಜಾಹಿದೀನ್ ಕಮಾಂಡರ್ ಬರೆದುಕೊಟ್ಟ ಚೀಟಿ ಮತ್ತೊಬ್ಬನ ಕೈಲಿ. ಸರ್ಕಾರಿ ಕೋರ್ಟಿಗೆ ಹೋದರೆ ಗುಮಾಸ್ತನಿಂದಲೇ ಲಂಚ ಶುರು. ತೀರ್ಪು ಬಂದರೂ ಜಾರಿ ಮಾಡಬೇಕಾದ ಪೊಲೀಸರು ಊರಿನ ಬಲಾಢ್ಯನ ಕಡೆಯವರು. ವಿದೇಶಿಯರು ಕೆಲಸ ಹಂಚಿಕೊಂಡ ರೀತಿಯೂ ಹಾಗೇ ಇತ್ತು: ನ್ಯಾಯಾಂಗ ಇಟಲಿಗೆ, ಪೊಲೀಸ್ ಜರ್ಮನಿಗೆ, ಸೇನೆ ಅಮೆರಿಕಕ್ಕೆ. ನ್ಯಾಯಾಧೀಶರಿಗೂ ಪೇದೆಗೂ ತಾಳಮೇಳವೇ ಇಲ್ಲ. ಗೆದ್ದವ ಸೋತ, ಸೋತವ ಸತ್ತ ಎನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ತಾಲಿಬಾನ್ ಕೋರ್ಟಿನ ಕ್ರಮ ಸರಳ. ಫಿರ್ಯಾದಿ ತನ್ನ ಭಾಗದ ತಾಲಿಬಾನ್ ಪ್ರತಿನಿಧಿಗೆ ಅರ್ಜಿ ಕೊಡುತ್ತಾನೆ. ಎದುರಾಳಿಗೆ ಕರೆಪತ್ರ ಹೋಗುತ್ತದೆ. ತಪ್ಪಿಸಿಕೊಳ್ಳುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ. ಮಸೀದಿಯಲ್ಲೋ ಯಾರದೋ ಮನೆಯ ಅತಿಥಿ ಕೋಣೆಯಲ್ಲೋ ಕಾಜಿ, ಅಂದರೆ ಶರಿಯಾ ನ್ಯಾಯಾಧೀಶ, ಕೂರುತ್ತಾನೆ. ಎರಡೂ ಕಡೆಯಿಂದ ಮೊದಲು ಜಾಮೀನು ತೆಗೆದುಕೊಳ್ಳುವುದುಂಟು, ತೀರ್ಪು ಒಪ್ಪದವನು ಅದನ್ನು ಕಳೆದುಕೊಳ್ಳುತ್ತಾನೆ. ಕಾಗದ, ಸಾಕ್ಷಿ, ಅವೆರಡೂ ಸಾಲದಿದ್ದರೆ ಪ್ರಮಾಣ. ಎಲ್ಲವೂ ಹನಫಿ ಎಂಬ ಸುನ್ನಿ ಇಸ್ಲಾಮಿ ಕಾನೂನು ಪದ್ಧತಿಯಂತೆ. ತೀರ್ಪನ್ನು ಬರೆದಿಡುತ್ತಾರೆ. ಸರ್ಕಾರದಲ್ಲಿ ವರ್ಷಗಟ್ಟಲೆ ವಾಯಿದೆ ಬೀಳುತ್ತಿದ್ದ ತಕರಾರು ಇಲ್ಲಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಮುಗಿಯುತ್ತಿತ್ತು. ಒಪ್ಪಿಗೆಯಾಗದಿದ್ದರೆ ಪ್ರಾಂತ್ಯದ ಕೋರ್ಟು, ಅದರ ಮೇಲೆ ಇನ್ನೊಂದು. ಮೇಲ್ಮನವಿಗಾಗಿ ಗಡಿ ದಾಟಿ ಕ್ವೆಟ್ಟಾಗೆ ಹೋದವರೂ ಇದ್ದಾರೆ.

ಕಾಜಿಗಳನ್ನು ಸ್ವಂತ ಊರಿಗೆ ಹಾಕದಿರುವುದು, ಆಗಾಗ ವರ್ಗ ಮಾಡುವುದು ಇಲ್ಲಿನ ಜಾಣತನ. ಹೊಲದ ಇಬ್ಬರು ವಾರಸುದಾರರಲ್ಲಿ ಯಾರೂ ಅವನ ಕುಲದವರಲ್ಲ, ಲಂಚಕ್ಕೆ ಕುದುರುವಷ್ಟು ಪರಿಚಯವೂ ಬೆಳೆಯುವುದಿಲ್ಲ. 2006, 2009, 2010ರಲ್ಲಿ ಹೊರಬಂದ ಲಾಯಿಹಾ ಎಂಬ ನಿಯಮಾವಳಿಗಳು ಕಮಾಂಡರ್‌ಗಳಿಗೂ ಮೂಗುದಾರ ಹಾಕಲು ನೋಡಿದವು. ಎಷ್ಟು ಬಿಗಿಯಾಯಿತೆಂಬುದು ಕಮಾಂಡರಿಂದ ಕಮಾಂಡರಿಗೆ ಬೇರೆ.

ಫೀಸಿಲ್ಲ ಎಂಬ ಹೊಗಳಿಕೆಯನ್ನು ಹಾಗೇ ನಂಬಬಾರದು. ಉಶ್ರ್ ಎಂದು ಫಸಲಿನ ಹತ್ತರಲ್ಲೊಂದು ಪಾಲು ಹೋಗುತ್ತಿತ್ತು, ರಾತ್ರಿ ಬಂದ ಬಂದೂಕುಧಾರಿಗಳಿಗೆ ಊಟ ಹಾಕುವುದು ಬೇರೆ. ಕ್ರಿಮಿನಲ್ ಪ್ರಕರಣಗಳಲ್ಲಂತೂ ಈ ಸೇವೆ ಭಯಾನಕ. ಹೊಡೆದು ಹೇಳಿಸಿದ ತಪ್ಪೊಪ್ಪಿಗೆ, ವಕೀಲನಿಲ್ಲ, ಗೂಢಚಾರನೆಂಬ ಆರೋಪ ಬಿದ್ದರೆ ತಲೆ ಉಳಿಯುವುದು ಕಷ್ಟ. ಸರ್ಕಾರದ ಕಡೆಯವನ ವಿರುದ್ಧದ ವ್ಯಾಜ್ಯದಲ್ಲಿ ಕಾಜಿಯೇ ಎದುರುಪಕ್ಷ.

ಹೆಂಗಸರ ಪಾಡು ನೋಡಿ. ತಂದೆಯ ಆಸ್ತಿಯಲ್ಲಿ ಮಗಳಿಗೆ ಪಾಲುಂಟು ಎನ್ನುತ್ತದೆ ಶರಿಯಾ. ಪಶ್ತೂನ್ ಜನರ ಹಿರಿಯರ ಪಂಚಾಯಿತಿಗಳಾದ ಜಿರ್ಗಾಗಳು ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಹಾಗಾಗಿ ಕಾಗದದ ಮೇಲೆ ಈ ಕೋರ್ಟು ಜಿರ್ಗಾಕ್ಕಿಂತ ಮೇಲು. ಆದರೆ ಕೇಳಲು ಅವಳ ಪರವಾಗಿ ಮನೆಯ ಗಂಡಸೇ ಹೋಗಬೇಕು, ಎಷ್ಟೋ ಸಲ ಪಾಲು ನುಂಗಿದ ಅಣ್ಣನೇ ಆ ಗಂಡಸು.

2010–11ರಲ್ಲಿ ಅಮೆರಿಕದ ಸೈನಿಕರ ಸಂಖ್ಯೆ ಸುಮಾರು 1 ಲಕ್ಷಕ್ಕೆ ಏರಿ, ರಾತ್ರಿ ದಾಳಿಗಳು ಹೆಚ್ಚಾದಾಗ ಸೇವೆ ಕುಂಟಿತು. ಕಾಜಿಗಳು ಬೈಕ್ ಹತ್ತಿ ಊರೂರು ಅಲೆದರು, ಫೋನಿನಲ್ಲೇ ವಾದ ಕೇಳಿದ್ದೂ ಉಂಟು. ತಮಾಷೆಯೆಂದರೆ, ದಕ್ಷಿಣದಲ್ಲಿ ರಾತ್ರಿಹೊತ್ತು ಟವರ್ ಬಂದ್ ಮಾಡಿ ಎಂದು ಮೊಬೈಲ್ ಕಂಪನಿಗಳನ್ನು 2008ರಿಂದ ಹೆದರಿಸುತ್ತಿದ್ದವರೂ ಇವರೇ. ಕೋರ್ಟು ಕುಂಟಿತೇ ಹೊರತು ಮುಚ್ಚಲಿಲ್ಲ, ಏಕೆಂದರೆ ಸೈನ್ಯ ತೆರವು ಮಾಡಿದ ಜಾಗಕ್ಕೆ ಸರ್ಕಾರ ತನ್ನ ನ್ಯಾಯಾಧೀಶರನ್ನು ಕಳಿಸಿ ಉಳಿಸಿಕೊಂಡದ್ದು ಅಪರೂಪ. 2016ರ ಮೇ ತಿಂಗಳಲ್ಲಿ ತಾಲಿಬಾನ್ ಮುಖ್ಯಸ್ಥ ಮುಲ್ಲಾ ಮನ್ಸೂರ್ ಡ್ರೋನ್ ದಾಳಿಗೆ ಬಲಿಯಾದ ಮೇಲೆ ಪಟ್ಟಕ್ಕೆ ಬಂದ ಹೈಬತುಲ್ಲಾ ಅಖುಂದ್‌ಜಾದಾ ರಣರಂಗದಲ್ಲಿ ಹೆಸರು ಮಾಡಿದವರಲ್ಲ. ಇದೇ ಕೋರ್ಟು ವಿಭಾಗದಲ್ಲಿ ಬೆಳೆದವರು.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಸೇರಿದ ನಂತರ ಪೈಪೋಟಿ ಎಂಬುದೇ ಇಲ್ಲ. 250ಕ್ಕೂ ಹೆಚ್ಚು ಮಹಿಳಾ ನ್ಯಾಯಾಧೀಶರು ಕೆಲಸ ಕಳೆದುಕೊಂಡರು, ವಕೀಲರ ಸಂಘ ನ್ಯಾಯ ಸಚಿವಾಲಯದ ಕೈಗೆ ಹೋಯಿತು, 2022ರ ನವೆಂಬರ್‌ನಲ್ಲಿ ಹುದೂದ್ (ಶರಿಯಾ ನಿಗದಿಪಡಿಸಿದ, ಕೈ ಕಡಿಯುವುದು, ಛಡಿಯೇಟಿನಂಥ) ಶಿಕ್ಷೆಗಳನ್ನು ಜಾರಿ ಮಾಡುವಂತೆ ನ್ಯಾಯಾಧೀಶರಿಗೆ ಆದೇಶ ಬಂತು. ಈಗ ತೀರ್ಪು ಇಷ್ಟವಾಗದವನು ಹೋಗಬಹುದಾದ, ತಾಲಿಬಾನಿನದ್ದಲ್ಲದ ಇನ್ನೊಂದು ಕೋರ್ಟು ಆ ದೇಶದಲ್ಲಿಲ್ಲ.