ಸಣ್ಣ ಹಾಲ್‌ನಲ್ಲಿ ಬ್ಯಾಂಡ್ ಶೋ: ಟಿಕೆಟ್ ದುಡ್ಡು ಕಳಿಸೋ ಮುಂಚೆ ಇದನ್ನು ಓದಿ

ದಾವಣಗೆರೆಯಲ್ಲಿ ಈಚೆಗೆ ನಡೆದ ಒಂದು ಇಂಡೀ ಬ್ಯಾಂಡ್ ಶೋಗೆ ಹೋಗಿದ್ದ ಹಲವರಿಗೆ ಮಾರನೇ ದಿನವೂ ಕಿವಿಯಲ್ಲಿ ಗುಂಯ್ ಅನ್ನೋದು ನಿಂತಿರಲಿಲ್ಲ. ಬ್ಯಾಂಡಿನವರ ತಪ್ಪಲ್ಲ, ಅವರು ಜೀವ ಕೊಟ್ಟು ನುಡಿಸಿದರು. ಕೆಡಿಸಿದ್ದು ಹಾಲ್ ಮತ್ತು ಸೌಂಡ್. ಬೆಂಗಳೂರಿನ ಬ್ಯಾಂಡ್‌ಗಳು ನಮ್ಮ ಕಡೆ ಬರೋದೇ ಅಪರೂಪ. ಬರ್ತಾರೆ ಅಂದ ಕೂಡಲೇ ಹಿಂದೆಮುಂದೆ ನೋಡದೆ ದುಡ್ಡು ಕಳಿಸಿಬಿಡ್ತೀವಿ. ಮುಂದಿನ ಸಲ ಇಲ್ಲಾಗಲಿ, ಚಿತ್ರದುರ್ಗದಲ್ಲಾಗಲಿ ಹೀಗಾಗಬಾರದು.

ಹಾಲ್ ಸುಮಾರು 30 ಅಡಿಗೆ 40 ಅಡಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಬದಿ ಪೂರ್ತಿ ಗಾಜು, ತಗ್ಗಿನ ಆರ್‌ಸಿಸಿ ಸೂರು. ಅಂಥ ಕೋಣೆಗೆ ತಂದಿಟ್ಟಿದ್ದು ಗಣೇಶನ ಹಬ್ಬದ ಆರ್ಕೆಸ್ಟ್ರಾಗೆ ಬಯಲಲ್ಲಿ ಇಡುವ ಸೆಟ್: ಎರಡೂ ಕಡೆ 18 ಇಂಚಿನ ಜೋಡಿ ಬೇಸ್ ಸ್ಪೀಕರ್, ಅದರ ಮೇಲೆ ದನಿ-ಗಿಟಾರಿನ ಸದ್ದಿಗೆ ಟಾಪ್ ಸ್ಪೀಕರ್. ಬಯಲಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತೆ. ಹಾಲ್ ಒಳಗೆ ಹಾಗೆ ಇಳಿಯೋದಿಲ್ಲ, ಗಾಜಿಗೂ ನೆಲಕ್ಕೂ ಬಡಿದು ವಾಪಸ್ ಬರುತ್ತೆ. ಬೇಸ್ ಗಿಟಾರ್, ಕಾಲಲ್ಲಿ ಬಡಿಯೋ ಕಿಕ್ ಡ್ರಮ್ ಎರಡೂ ಕಲಸಿಕೊಂಡು ಒಂದೇ ಗುಡುಗಾಯ್ತು. ಹಾಡಿನ ಒಂದು ಪದವೂ ಕಿವಿಗೆ ಬೀಳಲಿಲ್ಲ. ಸಾಹಿತ್ಯಕ್ಕೋಸ್ಕರವೇ ಆ ಬ್ಯಾಂಡನ್ನು ಹಚ್ಚಿಕೊಂಡವರಿಗೆ ಇದಕ್ಕಿಂತ ನೋವು ಇನ್ನೇನಿದೆ?

ಇಷ್ಟು ಸಣ್ಣ ಜಾಗದಲ್ಲಿ ಡ್ರಮ್ಸ್‌ಗೆ ಮೈಕೇ ಬೇಡ. ಮೈಕಿಲ್ಲದೆಯೂ ಅದು 100 ಡೆಸಿಬಲ್ ದಾಟಬಲ್ಲದು. ಇಲ್ಲಿ ಡ್ರಮ್ಸ್‌ಗೂ ಮೈಕ್ ಹಾಕಿ, ಅದರ ಸಮಕ್ಕೆ ಗಿಟಾರ್ ಏರಿಸಿ, ಗಿಟಾರ್ ಸಮಕ್ಕೆ ದನಿ ಏರಿಸಲು ಹೋದರು. ಅಷ್ಟರಲ್ಲಿ ಕೀಂಯ್ ಅಂತ ಫೀಡ್‌ಬ್ಯಾಕ್ ಶುರು. ಕಾರಣ ಕಣ್ಣೆದುರೇ ಇತ್ತು: ವೇದಿಕೆ ಸಾಲದೆ ಸ್ಪೀಕರ್‌ಗಳನ್ನು ಗಾಯಕನ ಬೆನ್ನ ಹಿಂದೆ ನಿಲ್ಲಿಸಿದ್ದರು. ಸ್ಪೀಕರಿನ ಸದ್ದನ್ನೇ ಮೈಕ್ ಮತ್ತೆ ಮತ್ತೆ ಎಳೆದುಕೊಳ್ಳುತ್ತಿತ್ತು. ಸೌಂಡ್‌ನವರು ಕೊನೆಗೆ ದನಿಯನ್ನೇ ಇಳಿಸಿಬಿಟ್ಟರು. ಸ್ಪೀಕರ್ ಯಾವತ್ತೂ ಮೈಕಿಗಿಂತ ಮೂರು-ನಾಲ್ಕು ಅಡಿಯಾದರೂ ಮುಂದೆ, ಜನರ ಕಡೆ ಇರಬೇಕು. ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯೋ) ಮೈಕಿನ ಬಾಲದ ಕಡೆ ಸದ್ದು ಅತಿ ಕಡಿಮೆ ಹಿಡಿಯುತ್ತೆ, ಹಾಡುವವರು ತಮ್ಮ ದನಿ ಕೇಳಿಸಿಕೊಳ್ಳೋ ಮಾನಿಟರ್ ಸ್ಪೀಕರ್ ಇಡಬೇಕಾದ್ದು ಅಲ್ಲಿ. ನೆಲಕ್ಕೆ ದಪ್ಪ ಜಮಖಾನ, ಗಾಜಿಗೆ ಭಾರದ ಪರದೆ ಹಾಕಿದ್ದರೆ ದನಿ ಎಷ್ಟೋ ತಿಳಿಯಾಗುತ್ತಿತ್ತು. ಎರಡೂ ಶಾಮಿಯಾನದವರ ಹತ್ತಿರ ಬಾಡಿಗೆಗೆ ಸಿಗೋ ಸಾಮಾನು. ಬೇಸಿನ ಗುಡುಗು ಮಾತ್ರ ಇವಕ್ಕೆ ಬಗ್ಗೋದಿಲ್ಲ, ಒಂದು ಜೋಡಿ ಬೇಸನ್ನು ಬಂದ್ ಮಾಡೋದೇ ದಾರಿ.

ಇದಕ್ಕಿಂತ ಗಂಭೀರವಾದದ್ದು ಕರೆಂಟು. ಗಿಟಾರ್ ಸದ್ದು ಏರಿಸೋ ಆಂಪಿನ ಮೂರು ಪಿನ್ ಪ್ಲಗ್ಗನ್ನು ಎರಡು ಪಿನ್ ಅಡಾಪ್ಟರಿಗೆ ಸಿಕ್ಕಿಸಿದ್ದರು. ಅಂದರೆ ಆಂಪಿಗೆ ಅರ್ಥಿಂಗೇ ಇಲ್ಲ. ಎಲ್ಲ ಮೈಕುಗಳ ಸದ್ದು ಕೂಡಿಸೋ ಮಿಕ್ಸರ್ ಬೇರೆ ಬೋರ್ಡಿನಲ್ಲಿ, ಅರ್ಥಿಂಗ್ ಸಮೇತ. ಗಿಟಾರ್ ತಂತಿ ಆಂಪಿನ ಕವಚಕ್ಕೆ ಸೇರಿರುತ್ತೆ, ಮೈಕಿನ ಜಾಲರಿ ಮಿಕ್ಸರಿನ ಅರ್ಥಿಂಗಿಗೆ. ಬೆರಳು ತಂತಿ ಮೇಲಿದ್ದು ತುಟಿ ಜಾಲರಿಗೆ ತಾಗಿದರೆ ನಡುವೆ ಸಿಕ್ಕಿಕೊಳ್ಳೋದು ಮನುಷ್ಯ. ಹಾಗೆ ಶಾಕ್ ಹೊಡೆದು ಗಾಯಕ ತಲೆ ಹಿಂದಕ್ಕೆ ಸೆಳೆದಿದ್ದನ್ನು ಜನ ಕುಣಿತ ಅಂದುಕೊಂಡು ಚಪ್ಪಾಳೆ ತಟ್ಟಿದರು. ಆಂಪಿನೊಳಗೆ ದೋಷವಿದ್ದು 230 ವೋಲ್ಟ್ ಕವಚಕ್ಕೆ ಇಳಿದಿದ್ದರೆ ಪ್ರಾಣವೇ ಹೋಗಬಹುದಿತ್ತು. ವೇದಿಕೆಗೂ ಮಿಕ್ಸರಿಗೂ ಅರ್ಥಿಂಗ್ ಇರುವ ಒಂದೇ ಲೈನಿಂದ ಕರೆಂಟ್ ಎಳೆಯಬೇಕು. ಗೊರ್ ಅನ್ನೋ ಹಮ್ ಬಂತು ಅಂತ ಅರ್ಥ್ ಪಿನ್ ತೆಗೆಯೋದು ಬೇಡವೇ ಬೇಡ. ಹಮ್ಮಿಗೆ, ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕೋ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ, ಅದು ಸದ್ದಿನ ವೈರಿನ ಗ್ರೌಂಡನ್ನಷ್ಟೇ ಬಿಡಿಸುತ್ತೆ.

ಕರೆಂಟ್ ಹೋದಾಗ ಓಡಿಸಿದ ಜನರೇಟರ್ ಇದ್ದದ್ದು ಮೆಟ್ಟಿಲ ಬುಡದಲ್ಲಿ. ಹಾಲ್ ಮೂರನೇ ಮಹಡಿಯಲ್ಲಿ, ಇಳಿಯೋಕೆ ಅದೊಂದೇ ಮೆಟ್ಟಿಲು, ಟಿಕೆಟ್ ಇಲ್ಲದವರು ನುಗ್ಗದಿರಲಿ ಅಂತ ಶಟರ್ ಅರ್ಧ ಎಳೆದಿತ್ತು. ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಶೋ ನಡುವೆ ತಲೆನೋವು, ವಾಕರಿಕೆ ಬಂದರೆ ಸೆಕೆ ಅಂತ ಸುಮ್ಮನೆ ಕೂರಬೇಡಿ, ಜೊತೆಯವರನ್ನೂ ಎಬ್ಬಿಸಿಕೊಂಡು ಹೊರಗೆ ಬನ್ನಿ. ಹೊರಗೆ ಹೋಗೋಕೆ ಎರಡನೇ ದಾರಿ ಇಲ್ಲದ ಹಾಲ್ ಆದರೆ, ಎಷ್ಟೇ ಇಷ್ಟದ ಬ್ಯಾಂಡ್ ಆಗಲಿ, ಬಾಗಿಲಿಂದಲೇ ವಾಪಸ್ ಬರೋದು ವಾಸಿ.

ಏಳಕ್ಕೆ ಅಂದಿದ್ದ ಶೋ ಶುರುವಾಗಿದ್ದು ಒಂಬತ್ತು ಹೊಡೆಯೋ ಹೊತ್ತಿಗೆ. ಹತ್ತಕ್ಕೆ ಪೊಲೀಸರು ಬಂದು ನಿಲ್ಲಿಸಿದರು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದ್ದರೂ ಅದು ಒಳಗಿನವರಿಗೆ ಕೇಳಿಸುವಷ್ಟಕ್ಕೆ, ಬೀದಿಗೆಲ್ಲ ಅಲ್ಲ. ಆಯೋಜಕರ ಸ್ವಂತ ನಂಬರಿಗೆ ಕಳಿಸಿದ್ದ ದುಡ್ಡು ವಾಪಸ್ ಬರಲಿಲ್ಲ. ಹಾಗಾಗಿ ದುಡ್ಡಿಗೆ ಮುಂಚೆ ಹಾಲಿನ ಫೋಟೊ, ಎಷ್ಟು ಜನಕ್ಕೆ ಟಿಕೆಟ್, ಸೌಂಡ್ ಚೆಕ್ ಎಷ್ಟೊತ್ತಿಗೆ, ಶೋ ನಿಂತರೆ ದುಡ್ಡಿನ ಗತಿ ಏನು, ಇಷ್ಟನ್ನೂ ಬರವಣಿಗೆಯಲ್ಲಿ ಕೇಳಿ. ಉತ್ತರ ಕೊಡದವರಿಗೆ ದುಡ್ಡು ಬೇಡ.

ಕಿವಿ ವಿಷಯ ಹಗುರ ಮಾಡಬೇಡಿ. ದುಡಿಮೆಯ ಜಾಗಕ್ಕೆ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಷ್ (NIOSH) ಹಾಕಿರುವ ಲೆಕ್ಕದಲ್ಲಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆಯೇ ಮಿತಿ. 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕರ್ಧ. 100ಕ್ಕೆ ಬರೋದರೊಳಗೆ 15 ನಿಮಿಷಕ್ಕೆ ಇಳಿದಿರುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಹಾಕಿದ ಮಿತಿಯೂ 15 ನಿಮಿಷದ ಸರಾಸರಿ 100 ಡೆಸಿಬಲ್. ಪಕ್ಕದವರ ಮಾತು ಕೇಳೋಕೆ ಅವರು ಕಿವಿಗೆ ಬಾಯಿಟ್ಟು ಕೂಗಬೇಕಾದರೆ ಆ ಜಾಗ ಬಿಡಿ, ಸ್ಪೀಕರಿನಿಂದ ದೂರ ಹಿಂದಕ್ಕೆ ಹೋಗಿ. ಹತ್ತಿ ತುರುಕಿದರೆ ಹೆಚ್ಚೇನೂ ಸದ್ದು ತಡೆಯಲ್ಲ. ಫೋಮ್ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಿ, ಅದು ಉಬ್ಬಿಕೊಳ್ಳೋವರೆಗೆ 30 ಸೆಕೆಂಡ್ ಒತ್ತಿ ಹಿಡೀರಿ. ಅರ್ಧ ಹೊರಗಿದ್ದರೆ ಪ್ರಯೋಜನ ಇಲ್ಲ.

ಶೋ ಮುಗಿದ ಮೇಲೆ ಗುಂಯ್ ಅನ್ನುತ್ತಿದ್ದರೆ ಅವತ್ತು ಇಯರ್‌ಫೋನ್ ಮುಟ್ಟಬೇಡಿ. ಒಂದೆರಡು ದಿನಕ್ಕೂ ಇಳಿಯದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮಂದವಾದರೆ ಅಷ್ಟೂ ಕಾಯದೆ ಅವತ್ತೇ ಹೋಗಿ. ಅದಕ್ಕೆ ಚಿಕಿತ್ಸೆ ತಡವಾದಷ್ಟೂ ಕೇಳುವಿಕೆ ಮರಳೋದು ಕಷ್ಟ.