ಒಂದೇ ಮ್ಯೂಸಿಯಂಗೆ ಪುರುಸೊತ್ತಿದ್ದರೆ ಹೇಗ್‌ನ ಮೌರಿಟ್ಸ್‌ಹೌಸ್‌ಗೆ ಹೋಗಿ

ನೆದರ್‌ಲೆಂಡ್ಸ್‌ಗೆ ಹೋದವರೆಲ್ಲ ಆಮ್ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ನೋಡಿ ಬರುತ್ತಾರೆ. ನೋಡಲಿ, ದೊಡ್ಡ ಮ್ಯೂಸಿಯಂ, ಒಳ್ಳೆಯದೇ. ಆದರೆ ಅರ್ಧ ದಿನ ಮಾತ್ರ ಇದೆ, ಡಚ್ ಚಿತ್ರಕಲೆ ಅಂದರೆ ಏನು ಅಂತ ತಿಳಿಯಬೇಕು ಅನ್ನುವವರಿಗೆ ನಾನು ಹೇಳುವುದು ಮೌರಿಟ್ಸ್‌ಹೌಸ್. ಡಚ್ಚರ ಚಿತ್ರಗಳಲ್ಲಿ ಬಹುಪಾಲು ಮನೆಯ ಗೋಡೆಗೆ ಅಂತಲೇ ಬರೆದವು. ಇದೂ ಮೊದಲು ಒಬ್ಬರ ಮನೆಯೇ ಆಗಿತ್ತು. ಅರಮನೆಯಂಥ ಹಾಲ್‌ನಲ್ಲಿ ಕಳೆದುಹೋಗುವ ಅಂಗೈ ಅಗಲದ ಚಿತ್ರ ಇಲ್ಲಿ ಸರಿಯಾಗಿ ಕಣ್ಣಿಗೆ ಬೀಳುತ್ತದೆ.

ಆ ಮನೆ ಕಟ್ಟಿಸಿದವನು ಯೋಹಾನ್ ಮೌರಿಟ್ಸ್, ಬ್ರೆಜಿಲ್‌ನಲ್ಲಿ ಡಚ್ಚರ ವಸಾಹತಿಗೆ ಗವರ್ನರ್ ಆಗಿದ್ದವನು. 1644ರ ಹೊತ್ತಿಗೆ ಕಟ್ಟಡ ಮುಗಿಯಿತು. ಅಲ್ಲಿಯ ಸಂಪತ್ತು ಕಬ್ಬಿನ ತೋಟಗಳಿಂದ ಬಂದದ್ದು, ತೋಟದಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಜನ ಇದಕ್ಕೆ ಸಕ್ಕರೆ ಮನೆ ಅಂತ ಹೆಸರಿಟ್ಟಿದ್ದರಂತೆ. ಸುಂದರವಾದ ಮೆಟ್ಟಿಲು ಹತ್ತುವಾಗ ಇದು ನೆನಪಿರಲಿ. 1822ರಿಂದ ಮ್ಯೂಸಿಯಂ.

ಇಷ್ಟೊಂದು ಹಸು, ಹೂವು, ಅಡುಗೆಮನೆ, ಕುಡುಕರನ್ನು ಯಾಕೆ ಬರೆದರು ಅನ್ನುವುದು ಮೊದಲ ಸಲ ಹೋದವರಿಗೆಲ್ಲ ಬರುವ ಪ್ರಶ್ನೆ. ಇಟಲಿಯಲ್ಲಿ ಚರ್ಚ್ ದುಡ್ಡು ಕೊಡುತ್ತಿತ್ತು, ದೇವರ ಚಿತ್ರ ಬರೆಸುತ್ತಿತ್ತು. ಇಲ್ಲಿ 1566ರಲ್ಲಿ, ವಿಗ್ರಹ ಪೂಜೆ ಒಪ್ಪದ ಪ್ರಾಟೆಸ್ಟಂಟರು ಚರ್ಚಿನ ವಿಗ್ರಹಗಳನ್ನು ಒಡೆದರು, ಆಮೇಲೆ ಗೋಡೆಗೆ ಸುಣ್ಣ ಬಳಿದರು. ಸ್ಪೇನ್ ವಿರುದ್ಧ ದಂಗೆ ಎದ್ದು ಗಣರಾಜ್ಯ ಆಯಿತು, ಆಸ್ಥಾನ ಸಾಕುವ ರಾಜನೂ ಇಲ್ಲ. ಹಾಗಾಗಿ ಚಿತ್ರಗಾರ ಸಂತೆಗೆ ಬಂದ. ಕೊಳ್ಳುವವನು ವ್ಯಾಪಾರಿ, ವಕೀಲ, ಅಂಗಡಿಯವನು. 1640ರಲ್ಲಿ ಬಂದಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ, ಇಲ್ಲಿ ಕಸಾಯಿಯವರ, ಬ್ರೆಡ್ ಮಾಡುವವರ ಅಂಗಡಿಯಲ್ಲೂ ಚಿತ್ರ ತೂಗಿರುತ್ತದೆ ಅಂತ ಬೆರಗಾಗಿ ಬರೆದಿಟ್ಟಿದ್ದಾನೆ. ಪೈಪೋಟಿ ಜಾಸ್ತಿ ಆದಾಗ ಒಬ್ಬೊಬ್ಬರು ಒಂದೊಂದು ವಿಷಯ ಹಿಡಿದುಕೊಂಡರು. ಹಡಗಿನವನಿಗೆ ಹಡಗು, ಹೂವಿನವನಿಗೆ ಹೂವು.

ಪೌಲಸ್ ಪಾಟರ್ ಹಿಡಿದದ್ದು ದನ. 1647ರಲ್ಲಿ, ಇನ್ನೂ ಇಪ್ಪತ್ತೆರಡೂ ದಾಟದವನು ಬರೆದ ಹೋರಿಯ ಚಿತ್ರ ಇಲ್ಲಿ ಒಂದು ಗೋಡೆಯನ್ನೇ ತಿಂದಿದೆ. ಮೂರೂಕಾಲು ಮೀಟರಿಗಿಂತ ಅಗಲ. ದೊರೆಗಳಿಗೆ ಕೊಡುವ ಅಳತೆಯನ್ನು ಒಂದು ಹೋರಿಗೆ ಕೊಟ್ಟಿದ್ದಾನೆ, ನೋಡಿ ಆ ಧೈರ್ಯ! ಮೈಮೇಲೆ ನೊಣ, ನೆಲದಲ್ಲಿ ಸಗಣಿ, ಪಕ್ಕದಲ್ಲಿ ಒಂದು ಕಪ್ಪೆ. ತಿಳಿದವರು ಹೇಳುವ ಪ್ರಕಾರ ಹೋರಿಯ ಕೊಂಬು, ಹಲ್ಲು, ಮೈಕಟ್ಟು ಬೇರೆ ಬೇರೆ ವಯಸ್ಸಿನವು. ದನದ ಜಾತ್ರೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡುವ ನಮ್ಮ ರೈತರು ಎದುರು ನಿಂತರೆ ತಕ್ಷಣ ತಕರಾರು ತೆಗೆಯುತ್ತಾರೆ. 1795ರಲ್ಲಿ ಫ್ರೆಂಚರು ಇದನ್ನು ಹೊತ್ತುಕೊಂಡು ಹೋಗಿ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಇಟ್ಟಿದ್ದರು. 1815ರಲ್ಲಿ ವಾಪಸ್ ಬಂತು.

ರೆಂಬ್ರಾಂಟ್‌ನದು ಎರಡು ಕಡ್ಡಾಯವಾಗಿ ನೋಡಿ. ಡಾಕ್ಟರ್ ಟುಲ್ಪ್ ಹೆಣ ಕೊಯ್ದು ಪಾಠ ಮಾಡುವ 1632ರ ಚಿತ್ರ ಒಂದು. ಹೆಣ ಗಲ್ಲಿಗೇರಿದ ಕಳ್ಳನದು, ಸುತ್ತ ಇರುವವರು ಊರಿನ ಶಸ್ತ್ರವೈದ್ಯರು. ಇಂಥ ಗುಂಪು ಚಿತ್ರದಲ್ಲಿ ಸಾಮಾನ್ಯವಾಗಿ ಎಲ್ಲರೂ ಸಾಲಾಗಿ ನಿಂತು ನಮ್ಮನ್ನೇ ನೋಡುತ್ತಿರುತ್ತಾರೆ. ಇಲ್ಲಿ ಕೆಲವರು ನಿಜಕ್ಕೂ ಪಾಠ ಕೇಳುತ್ತಿದ್ದಾರೆ. ಇನ್ನೊಂದು, ಸಾಯುವ ವರ್ಷ 1669ರಲ್ಲಿ ತನ್ನನ್ನೇ ಬರೆದುಕೊಂಡದ್ದು. ಮಾತೇ ಬೇಡ. (ಇದೇ ರೆಂಬ್ರಾಂಟ್ ನಮ್ಮ ಮೊಘಲ್ ಚಿತ್ರಗಳನ್ನು ನೋಡಿಕೊಂಡು ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ. ಅವು ಬೇರೆ ಬೇರೆ ಸಂಗ್ರಹಗಳಲ್ಲಿವೆ.)

ಈಗ ಮುತ್ತಿನ ಓಲೆಯ ಹುಡುಗಿ. ವರ್ಮೀರ್, ಸುಮಾರು 1665. ಎಲ್ಲರೂ ಬರುವುದು ಇವಳಿಗಾಗಿಯೇ, ಅದಕ್ಕೇ ಎದುರಿಗೆ ಯಾವಾಗಲೂ ಮೊಬೈಲ್ ಎತ್ತಿದ ಕೈಗಳು. 1881ರ ಹರಾಜಿನಲ್ಲಿ ಇದು ಹೋದದ್ದು 2 ಗಿಲ್ಡರ್ (ಆಗಿನ ಡಚ್ ಹಣ) 30 ಸೆಂಟಿಗೆ! ಹುಡುಗಿ ಯಾರೂ ಅಲ್ಲ, ಕಲ್ಪನೆಯ ಒಂದು ಮುಖ ಅಷ್ಟೇ. ಓಲೆಗೆ ಕೊಕ್ಕೆಯೇ ಇಲ್ಲ. ಹತ್ತಿರದಿಂದ ನೋಡಿದರೆ ಬಿಳಿ ಬಣ್ಣದ ಒಂದೆರಡು ಸ್ಪರ್ಶ. ಈಗ ಕಪ್ಪಾಗಿ ಕಾಣುವ ಹಿನ್ನೆಲೆಯಲ್ಲಿ ಮೊದಲು ಹಸಿರು ಪರದೆ ಇತ್ತು ಅಂತ 2020ರಲ್ಲಿ ಪರೀಕ್ಷೆ ಮಾಡಿದವರು ಹೇಳಿದರು. ತಲೆಯ ನೀಲಿ ಬಟ್ಟೆಗೆ ಬಳಸಿದ್ದು ಅಫ್ಘಾನಿಸ್ತಾನದ ಕಡೆಯಿಂದ ಬಂದ ಕಲ್ಲನ್ನು ಅರೆದ ಬಣ್ಣ, ಆಗ ಬಲು ದುಬಾರಿ. ಅಂಥ ಬಣ್ಣ ಸುರಿದವನು 1675ರಲ್ಲಿ ಸತ್ತಾಗ ಮನೆ ತುಂಬ ಮಕ್ಕಳು, ಮೈತುಂಬ ಸಾಲ. 1672ರಲ್ಲಿ ಫ್ರೆಂಚರು ದಂಡೆತ್ತಿ ಬಂದ ಮೇಲೆ ಚಿತ್ರ ಕೊಳ್ಳುವವರೇ ಇರಲಿಲ್ಲ. ಬ್ರೆಡ್ ಅಂಗಡಿಗೆ ಕೊಡಬೇಕಿದ್ದ 600ಕ್ಕೂ ಹೆಚ್ಚು ಗಿಲ್ಡರಿಗೆ ಹೆಂಡತಿ ಎರಡು ಚಿತ್ರ ಒಪ್ಪಿಸಬೇಕಾಯಿತು. ಬ್ರೆಡ್ ಅಂಗಡಿಯಲ್ಲೂ ಚಿತ್ರ ಇರುತ್ತಿತ್ತು ಅಂದೆನಲ್ಲ, ಕೆಲವು ಹೀಗೂ ಬಂದು ಸೇರುತ್ತಿದ್ದವು.

ನನ್ನನ್ನು ಕೇಳಿದರೆ ಇವಳಿಗಿಂತ ಅದೇ ವರ್ಮೀರ್ ಬರೆದ ಡೆಲ್ಫ್ಟ್ ಊರಿನ ನೋಟವೇ ಶ್ರೇಷ್ಠ ಚಿತ್ರ. ಮುಂದೆ ಮೋಡದ ನೆರಳು, ಹಿಂದಿನ ಚರ್ಚಿನ ಗೋಪುರದ ಮೇಲೆ ಬಿಸಿಲು. ಮಳೆ ಆಗಷ್ಟೇ ನಿಂತ ಹಾಗಿದೆ.

ಆಮೇಲೆ ಎಲ್ಲರೂ ದಾಟಿಕೊಂಡು ಹೋಗುವ ಒಂದು ಚಿಕ್ಕ ಚಿತ್ರ. ಗೆರಾರ್ಡ್ ಟೆರ್ ಬೋರ್ಕ್ ಬರೆದದ್ದು. ತಾಯಿ ಮಗುವಿನ ತಲೆಯಲ್ಲಿ ಹೇನು ನೋಡುತ್ತಿದ್ದಾಳೆ. ಅಷ್ಟೇ ವಿಷಯ. ಮಗುವಿನ ಮುಖದಲ್ಲಿ ಆ ಬೇಸರ, ತಾಯಿಯ ಕಣ್ಣಿನಲ್ಲಿ ಆ ಗಮನ. ಇದನ್ನು ಯಾರು ದುಡ್ಡು ಕೊಟ್ಟು ಕೊಂಡರು, ಊಟದ ಕೋಣೆಯಲ್ಲಿ ಹಾಕಿಕೊಂಡರಾ ಅಂತ ಯೋಚಿಸುತ್ತಾ ನಿಂತುಬಿಡುತ್ತೇವೆ. ಡಚ್ ಚಿತ್ರಕಲೆ ಇದೇ ಅಲ್ವಾ? ದೇವರೂ ಇಲ್ಲ, ದೊರೆಯೂ ಇಲ್ಲ, ಆದರೂ ದೇವರ ಪಟಕ್ಕೆ ಕೊಡುವಷ್ಟೇ ಶ್ರದ್ಧೆ. ಫ್ಯಾಬ್ರಿಷಿಯಸ್‌ನ ಸರಪಳಿ ಕಟ್ಟಿದ ಪುಟ್ಟ ಹಕ್ಕಿಯನ್ನೂ ಬಿಡಬೇಡಿ. ಅವನು ಅದನ್ನು ಬರೆದ 1654ರಲ್ಲೇ ಡೆಲ್ಫ್ಟ್‌ನ ಸಿಡಿಮದ್ದಿನ ಉಗ್ರಾಣ ಸಿಡಿದು ಸತ್ತ, 32 ವರ್ಷಕ್ಕೆ.

ಹೋಗುವುದು ಸುಲಭ. ಆಮ್ಸ್ಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಒಂದು ತಾಸಿನೊಳಗೆ ಹೇಗ್, ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಟಿಕೆಟ್ 20 ಯೂರೋ ಆಸುಪಾಸು, ಆನ್‌ಲೈನ್‌ನಲ್ಲಿ ಸಮಯ ನೋಡಿ ತೆಗೆದುಕೊಳ್ಳಿ. ಬೇರೆ ದೇಶದ ಪ್ರದರ್ಶನಕ್ಕೆ ಚಿತ್ರಗಳನ್ನು ಕಳಿಸುವುದುಂಟು, ಹಾಗಾಗಿ ನಿಮಗೆ ಬೇಕಾದದ್ದು ಊರಲ್ಲಿದೆಯಾ ಅಂತಲೂ ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಎರಡು ತಾಸಿನಲ್ಲಿ ಎಲ್ಲ ಮುಗಿಯುತ್ತದೆ, ಕಾಲು ನೋಯುವುದಿಲ್ಲ. ಅರ್ಧ ತಾಸಿನಲ್ಲಿ ಹುಡುಗಿಯನ್ನು ತೋರಿಸಿ ಬಸ್ ಹತ್ತಿಸುವ ಟೂರ್‌ನವರ ಜೊತೆ ಮಾತ್ರ ಬೇಡ, ದುಡ್ಡು ಸುಮ್ನೆ ದಂಡ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಯಾಕೆಂದರೆ ಫ್ರಾನ್ಸ್ ಹಾಲ್ಸ್‌ನ ಊರ ಕಾವಲು ಪಡೆಯವರ ದೊಡ್ಡ ದೊಡ್ಡ ಗುಂಪು ಚಿತ್ರಗಳು ಇಲ್ಲಿಲ್ಲ. ಅವುಗಳಲ್ಲಿ ಹೆಚ್ಚಿನವು ಹಾರ್ಲೆಮ್‌ನಲ್ಲಿ ಅವನದೇ ಹೆಸರಿನ ಮ್ಯೂಸಿಯಂನಲ್ಲಿವೆ, ಆಮ್ಸ್ಟರ್‌ಡ್ಯಾಮ್‌ಗೆ ವಾಪಸ್ ಹೋಗುವಾಗ ಹಾರ್ಲೆಮ್ ಮೇಲೆ ಹೋಗುವ ರೈಲು ಹಿಡಿದರೆ ಇಳಿದು ನೋಡಬಹುದು.